ಮರ ಏರುವವನ ಜೀವಕ್ಕೂ ಬೆಲೆ ಇರಲಿ

ಮುಂಗಾರಿಗೆ ಮುನ್ನ ಹುಬ್ಬಳ್ಳಿ-ಧಾರವಾಡದ ಬೀದಿಗಳಲ್ಲಿ ಕೊಡಲಿ ಮತ್ತು ಯಂತ್ರಗರಗಸಗಳ ಸದ್ದು ಕೇಳತೊಡಗುವುದು ಪ್ರತಿವರ್ಷದ ವಾಡಿಕೆ. ಏಪ್ರಿಲ್-ಮೇ ತಿಂಗಳ ಗಾಳಿ-ಗುಡುಗಿನ ಅಡ್ಡಮಳೆಗೆ ಟೊಂಗೆಗಳು ಮುರಿದು ವಿದ್ಯುತ್ ತಂತಿಗಳ ಮೇಲೆ, ವಾಹನಗಳ ಮೇಲೆ ಬೀಳುತ್ತವೆ. ಪಾಲಿಕೆ, ಹೆಸ್ಕಾಂ ಹಾಗೂ ಅರಣ್ಯ ಇಲಾಖೆಗೆ ದೂರುಗಳು ಹರಿದುಬರುತ್ತವೆ. ದಾರಿಹೋಕನ ಮೇಲೆ ಟೊಂಗೆ ಬಿದ್ದರೆ ಅದು ಸುದ್ದಿಯಾಗುತ್ತದೆ, ಆಗಲೂಬೇಕು. ಆದರೆ ಅದೇ ಟೊಂಗೆಯನ್ನು ಕಡಿಯಲು ಸೊಂಟಕ್ಕೊಂದು ಹಗ್ಗ ಬಿಗಿದು, ಬರಿಗಾಲಲ್ಲಿ ಮೂವತ್ತು-ನಲವತ್ತು ಅಡಿ ಎತ್ತರಕ್ಕೆ ಏರುವ ಕೂಲಿಕಾರನ ಸುರಕ್ಷತೆಯ ಕುರಿತು ಚರ್ಚೆ ನಡೆದದ್ದು ವಿರಳ.

ಈ ಕೆಲಸಕ್ಕೆ ಧೈರ್ಯವೊಂದಿದ್ದರೆ ಸಾಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವದಲ್ಲಿ ಇದು ವಿದ್ಯುತ್ ಮಾರ್ಗದ ಕೆಲಸದಷ್ಟೇ ತಿಳಿವಳಿಕೆ ಬೇಡುವ ಕಸುಬು. ಇಲ್ಲಿನ ಬಹುಪಾಲು ಅವಘಡಗಳ ಬೀಜ ಇರುವುದು ಮರದ ಮೇಲಲ್ಲ, ನೆಲದ ಮೇಲೆ. ಹತ್ತುವ ಮುನ್ನ ಮಾಡಬೇಕಾದ ಹತ್ತು ನಿಮಿಷಗಳ ಸಿದ್ಧತೆಯನ್ನು ಕೈಬಿಟ್ಟಿದ್ದರಲ್ಲಿ.

ಮೊದಲು ಮರವನ್ನು ಬುಡದಿಂದ ತುದಿಯವರೆಗೆ ನೋಡಬೇಕು. ರಸ್ತೆ ಅಗಲೀಕರಣ, ಒಳಚರಂಡಿ, ಕೇಬಲ್ ಎಂದು ನೆಲ ಅಗೆದಾಗಲೆಲ್ಲ ಮರ ಬೇರು ಕಳೆದುಕೊಳ್ಳುತ್ತದೆ. ಬುಡದವರೆಗೂ ಕಾಂಕ್ರೀಟ್ ಸುರಿದರೆ ಉಳಿದ ಬೇರುಗಳೂ ಸೊರಗುತ್ತವೆ. ಮೇಲೆ ಹಸಿರಾಗಿ ಕಂಡ ಮರ ಒಳಗೆ ಟೊಳ್ಳಾಗಿರಬಹುದು. ಬುಡದ ಅಣಬೆ, ಗೆದ್ದಲಿನ ಮಣ್ಣು, ಕವಲಿನ ಸೀಳು, ಮರದ ಸುತ್ತಿಗೆಯಿಂದ ಬಡಿದಾಗ ಬರುವ ಪೊಳ್ಳು ಸದ್ದು ಇವೆಲ್ಲ ಎಚ್ಚರಿಕೆಯ ಗಂಟೆಗಳು. ಅಂಥ ಮರಕ್ಕೆ ಮನುಷ್ಯನನ್ನು ಹತ್ತಿಸದೆ, ಬುಟ್ಟಿಯುಳ್ಳ ಎತ್ತುಗ ವಾಹನ ತರಿಸಬೇಕು. ಗುಲ್‌ಮೊಹರ್‌ನಂಥ ಮರಗಳ ಟೊಂಗೆ ಪೆಡಸು. ಮಳೆಮರದ ಟೊಂಗೆಗಳು ಅಡ್ಡಡ್ಡ ಚಾಚಿ ಭಾರೀ ತೂಕ ಹೊತ್ತಿರುತ್ತವೆ. ದೊಡ್ಡ ಮರಗಳಲ್ಲಿ ಹೆಜ್ಜೇನು ಗೂಡು ಕಟ್ಟಿರುವುದುಂಟು. ಜೇನೆದ್ದಾಗ ಎತ್ತರದಲ್ಲಿರುವವನಿಗೆ ಓಡಲು ದಾರಿಯಿಲ್ಲ ಎಂಬುದನ್ನು ನೆನಪಿಡಬೇಕು.

ಎರಡನೆಯದು ವಿದ್ಯುತ್. 11 ಸಾವಿರ ವೋಲ್ಟ್ ಮಾರ್ಗವನ್ನು ಕೈಯಿಂದ ಮುಟ್ಟಬೇಕೆಂದೇನೂ ಇಲ್ಲ. ತಂತಿಗೆ ತಾಗಿದ ಹಸಿ ಟೊಂಗೆಯೇ ಕರೆಂಟನ್ನು ಮೈಗೆ ತಲುಪಿಸಬಲ್ಲದು. ‘ಲೈನ್ ತೆಗೆದಿದ್ದಾರಂತೆ’ ಎಂಬ ಬಾಯಿಮಾತನ್ನು ನಂಬಿ ಮರ ಏರುವುದು ಸಾವಿನ ಜೊತೆ ಸರಸ. ಹೆಸ್ಕಾಂ ಸಿಬ್ಬಂದಿಯಿಂದ ಲಿಖಿತವಾಗಿ ಲೈನ್ ಕ್ಲಿಯರ್ ದೊರೆತು, ತಂತಿಯನ್ನು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ಮಾಡಿದ ನಂತರವೇ ಕೊಡಲಿ ಎತ್ತಬೇಕು. ಮನೆ-ಅಂಗಡಿಗಳ ಜನರೇಟರ್‌ಗಳಿಂದ ವಿದ್ಯುತ್ ಹಿಮ್ಮುಖವಾಗಿ ಹರಿಯುವ ಸಂಭವವಿರುವುದರಿಂದ ಅರ್ಥಿಂಗ್ ಎಂಬುದು ಔಪಚಾರಿಕತೆಯಲ್ಲ. ಮಾರ್ಗ ಬಂದ್ ಮಾಡಿಸುವುದು ಕೂಲಿಕಾರನ ಕೆಲಸವೂ ಅಲ್ಲ. ಕೆಲಸ ಕೊಟ್ಟವರು 1912ಕ್ಕೆ ಕರೆ ಮಾಡಿಯೋ ಶಾಖಾ ಕಚೇರಿಗೆ ಹೋಗಿಯೋ ಅದನ್ನು ಮೊದಲೇ ಗೊತ್ತುಪಡಿಸಬೇಕು.

ಇನ್ನು ಏರುವ ಮತ್ತು ಕಡಿಯುವ ಕ್ರಮ. ಸೊಂಟಕ್ಕೆ ಕಟ್ಟಿದ ಹಗ್ಗ ಬಿದ್ದವನನ್ನು ತಡೆದರೂ ಬೆನ್ನನ್ನು ಮುರಿಯಬಹುದು. ಭುಜ, ಎದೆ, ತೊಡೆಗಳನ್ನೆಲ್ಲ ಬಳಸುವ, ಐಎಸ್ 3521 ಗುರುತಿನ ಹಾರ್ನೆಸ್ ಮತ್ತು ಐಎಸ್ 2925 ಗುರುತಿನ ಹೆಲ್ಮೆಟ್ ಕಡ್ಡಾಯವಾಗಬೇಕು. ಕಡಿಯುವಾಗ ಮೈಯನ್ನು ಮರಕ್ಕೆ ಎರಡು ಕಡೆ ಬಂಧಿಸಿಕೊಂಡಿರಬೇಕು. ಒಂದು ಹಗ್ಗಕ್ಕೆ ಅಲಗು ತಾಗಿದರೂ ಇನ್ನೊಂದು ಕಾಯುತ್ತದೆ. ದಪ್ಪ ಟೊಂಗೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅದು ಸೀಳಿ, ತೊಗಟೆಗೆ ಜೋತು, ಕಡಿಯುವವನತ್ತಲೇ ಬೀಸಿಬರುತ್ತದೆ. ಆದ್ದರಿಂದ ಕಾಂಡದಿಂದ ಒಂದಡಿ ಹೊರಗೆ ಮೊದಲು ಕೆಳಗಿನಿಂದ ದಪ್ಪದ ಕಾಲುಭಾಗದಷ್ಟು ಕಚ್ಚು ಹಾಕಿ, ಅದಕ್ಕಿಂತ ಎರಡು-ಮೂರು ಅಂಗುಲ ಆಚೆ ಮೇಲಿನಿಂದ ಕೊಯ್ಯಬೇಕು. ಉಳಿದ ಮೋಟನ್ನು ಕಾಂಡದ ಬಳಿಯ ಉಬ್ಬಿಗೆ ಧಕ್ಕೆಯಾಗದಂತೆ ಕೊನೆಗೆ ತೆಗೆಯಬೇಕು. ಇದರಿಂದ ಕೂಲಿಕಾರನೂ ಉಳಿಯುತ್ತಾನೆ, ಮರದ ಗಾಯವೂ ಬೇಗ ಮಾಯುತ್ತದೆ.

ಯಂತ್ರಗರಗಸ ಬಂದ ಮೇಲೆ ಕೆಲಸದ ವೇಗದೊಡನೆ ಅಪಾಯವೂ ಹೆಚ್ಚಿದೆ. ಅದರ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಚಿಮ್ಮುತ್ತದೆ. ಒಂದೇ ಕೈಯಲ್ಲಿ ಹಿಡಿದು, ಭುಜಕ್ಕಿಂತ ಎತ್ತರದಲ್ಲಿ ಅಥವಾ ಏಣಿಯ ಮೇಲೆ ನಿಂತು ಅದನ್ನು ಚಲಾಯಿಸುವುದು ಎಂದಿಗೂ ಸಲ್ಲದು. ಕೆಳಗೆ ಮರದ ಎತ್ತರದ ಎರಡರಷ್ಟು ದೂರದವರೆಗೆ ಜನರು ಸುಳಿಯದಂತೆ ಹಗ್ಗ ಕಟ್ಟಬೇಕು; ಇಕ್ಕಟ್ಟಿನ ಬೀದಿಯಲ್ಲಿ ಅದು ಸಾಧ್ಯವಾಗದಿದ್ದರೆ ಟೊಂಗೆಯನ್ನು ತುಂಡುತುಂಡಾಗಿ ಹಗ್ಗದಿಂದ ಇಳಿಸಬೇಕು. ಮಳೆ-ಗಾಳಿಯಲ್ಲಿ ಕೆಲಸ ನಿಲ್ಲಬೇಕು. ಗಾಯಗೊಂಡು ಮೇಲೆಯೇ ತೂಗಾಡುವವನನ್ನು ಕೆಳಗಿಳಿಸಬಲ್ಲ ಇನ್ನೊಬ್ಬ ಪಳಗಿದ ಕೈ ಇಲ್ಲದೆ ಯಾರೂ ಒಂಟಿಯಾಗಿ ಮರ ಏರಕೂಡದು.

ಇಷ್ಟೆಲ್ಲ ಕೂಲಿಕಾರನಿಗೆ ಉಪದೇಶಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಮರಕ್ಕಿಷ್ಟು ಎಂದು ಗುತ್ತಿಗೆ ಮಾತನಾಡಿದರೆ ಆತ ಅವಸರಪಡದೆ ಗತ್ಯಂತರವಿಲ್ಲ. ಹಾರ್ನೆಸ್‌ನ ಬೆಲೆ, ಲೈನ್ ಕ್ಲಿಯರ್‌ಗಾಗಿ ಕಾಯುವ ಹೊತ್ತು, ಕೆಳಗೆ ನಿಲ್ಲುವವನ ಕೂಲಿ ಇವೆಲ್ಲ ದರದಲ್ಲಿ ಸೇರದಿದ್ದರೆ ಸುರಕ್ಷತೆ ಕಾಗದದಲ್ಲೇ ಉಳಿಯುತ್ತದೆ. ಗುತ್ತಿಗೆದಾರನ ಮೂಲಕ ಮಾಡಿಸಿದ ಮಾತ್ರಕ್ಕೆ ಮೂಲ ಸಂಸ್ಥೆಯ ಹೊಣೆ ಕಳೆಯದು ಎಂಬ ತತ್ವ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲೇ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಪಾಲಿಕೆ ಮತ್ತು ಹೆಸ್ಕಾಂ ತಮ್ಮ ಟೆಂಡರ್ ಷರತ್ತುಗಳಲ್ಲಿ ಉಪಕರಣ, ವಿಮೆ ಮತ್ತು ತರಬೇತಿಯನ್ನು ಸ್ಪಷ್ಟವಾಗಿ ನಮೂದಿಸಿ, ಪಾಲನೆಯಾಗದಿದ್ದಲ್ಲಿ ಬಿಲ್ ತಡೆಹಿಡಿಯಬೇಕು.

ನಾಗರಿಕರ ಪಾತ್ರವೂ ಕಡಿಮೆಯದಲ್ಲ. ಅನುಮತಿಯ ಗೊಡವೆ ಬೇಡವೆಂದು ರಜಾದಿನದ ನಸುಕಿನಲ್ಲಿ ಗುಟ್ಟಾಗಿ ಮರ ಉರುಳಿಸುವವರು ಮರಕ್ಕೆ ಮಾತ್ರವಲ್ಲ, ಕಡಿಯುವವನಿಗೂ ಅಪಾಯ ತರುತ್ತಾರೆ. ಕದ್ದು ಮಾಡುವ ಕೆಲಸಕ್ಕೆ ಲೈನ್ ಕ್ಲಿಯರ್ ಎಲ್ಲಿಂದ ಬರಬೇಕು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಒಣಗಿದ, ರೋಗ ಹಿಡಿದ, ಜೀವ-ಆಸ್ತಿಗೆ ಅಪಾಯ ಒಡ್ಡುವ ಮರಗಳ ತೆರವಿಗೆ ವೃಕ್ಷಾಧಿಕಾರಿ ಅನುಮತಿ ನಿರಾಕರಿಸುವಂತಿಲ್ಲ. ಅರ್ಜಿಗಳು ಶೀಘ್ರ ವಿಲೇವಾರಿಯಾದರೆ ಕದ್ದು ಕಡಿಯುವ ನೆಪವೇ ಉಳಿಯದು.

ಮರ ಏರುವವರಿಗೆ ತರಬೇತಿ ಎಂಬುದು ಹೊಸ ಕಲ್ಪನೆಯೇನಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರ ಏರುವವರಿಗಾಗಿ ತರಬೇತಿ ಯೋಜನೆ ಆರಂಭಿಸಿತು. ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನೂ ತಂದಿತು. ತೆಂಗಿಗೆ ಸಾಧ್ಯವಾದದ್ದು ಊರಿನ ಬೇವು, ಮಳೆಮರಗಳಿಗೆ ಏಕೆ ಸಾಧ್ಯವಾಗಬಾರದು? ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಅದರಡಿ ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಹುಬ್ಬಳ್ಳಿಯ ನವನಗರದಲ್ಲೇ ಹೆಸ್ಕಾಂ ಕೇಂದ್ರ ಕಚೇರಿಯಿದೆ. ಅಗ್ನಿಶಾಮಕ ದಳಕ್ಕೆ ಎತ್ತರದಿಂದ ಜನರನ್ನು ಇಳಿಸುವ ಅನುಭವವಿದೆ. ಇವರನ್ನೆಲ್ಲ ಒಂದೆಡೆ ಸೇರಿಸಿ ಪ್ರತಿವರ್ಷ ಮಾರ್ಚ್‌ನಲ್ಲಿ ಒಂದು ವಾರದ ಶಿಬಿರ ನಡೆಸಲು, ಪಳಗಿದವರಿಗೆ ಗುರುತಿನ ಚೀಟಿ ನೀಡಲು, ಅವರ ಪಟ್ಟಿಯನ್ನು ವಲಯ ಕಚೇರಿಗಳಲ್ಲಿ ತೂಗುಹಾಕಲು ಪಾಲಿಕೆಗೆ ದೊಡ್ಡ ಮೊತ್ತವೇನೂ ಬೇಕಾಗದು. ಬೇಕಾದದ್ದು ಇಚ್ಛಾಶಕ್ತಿ. ಅವಘಡ ಸಂಭವಿಸಿದ ಮೇಲೆ ಪರಿಹಾರ ಘೋಷಿಸುವ ಬದಲು, ಮುಂದಿನ ಹಂಗಾಮಿನ ಮೊದಲ ಟೊಂಗೆಗೆ ಏಟು ಬೀಳುವ ಮುನ್ನವೇ ಈ ವ್ಯವಸ್ಥೆ ಜಾರಿಗೆ ಬರಬೇಕು.