ಕುದುರೆಯ ತೂಕಕ್ಕೆ ದರ್ಜಿಯ ಟೇಪು

ಈ ಸಲ ಕುದುರೆಯ ಮಾತನ್ನು ಎತ್ತಿಕೊಂಡಿದ್ದೇವೆ. ಈ ಕಾಲದಲ್ಲಿ ಕುದುರೆ ಯಾರ ಮನೆಯಲ್ಲಿದೆ ಎಂದು ನಗುವವರಿರಬಹುದು. ಸೊಲ್ಲಾಪುರದ ಬೀದಿಗಳಿಂದ ಟಾಂಗಾ ಬಹುಮಟ್ಟಿಗೆ ಮರೆಯಾದುದು ನಿಜ. ಆದರೆ ಜತ್ತ, ಸಾಂಗೋಲೆಗಳ ಮಾಳಗಳಲ್ಲಿ ಕುರಿಹಿಂಡಿನೊಡನೆ ಅಲೆಯುವ ಕುಟುಂಬಗಳಿಗೆ ತಟ್ಟು ಕುದುರೆಯ ಬೆನ್ನೇ ಮನೆ. ಹಾಸಿಗೆ, ಪಾತ್ರೆ, ಹಿಟ್ಟಿನ ಚೀಲ, ನಡೆಯಲಾರದ ಕುರಿಮರಿ, ಎಲ್ಲವೂ ಅದರ ಮೇಲೆಯೇ. ಭೀಮಾ ನದಿಯ ದಂಡೆಯ ಹೆಸರನ್ನು ಹೊತ್ತ ಭೀಮಥಡಿ ತಳಿಯ ಗಿಡ್ಡ, ಗಟ್ಟಿ ಕುದುರೆಗಳು ಇಂಥ ದುಡಿಮೆಗೇ ಹೆಸರಾದವು.

ಇಂಥದೊಂದು ಕುಟುಂಬ ಪ್ರತಿವರ್ಷವೂ ನಮ್ಮ ಊರಿನ ಹೊರಗೆ ಕೆಲವು ತಿಂಗಳು ಬೀಡು ಬಿಡುತ್ತದೆ. ಆ ಅವಧಿಯಲ್ಲಿ ಅವರ ಮಗಳು ನಮ್ಮ ಶಾಲೆಗೆ ಬರುತ್ತಾಳೆ. ಒಂದು ದಿನ ಏಳನೆಯ ತರಗತಿಯ ಗಣಿತಕ್ಕಾಗಿ ಅವರ ಹೆಣ್ಣು ಕುದುರೆಯನ್ನೇ ಶಾಲೆಯ ಅಂಗಳಕ್ಕೆ ಕರೆಸಿದೆವು. ಮೊದಲು ಅಂದಾಜು, ಅನಂತರ ಅಳತೆ ಎಂಬುದು ನಾವು ಶಿಕ್ಷಕ ತರಬೇತಿಯಲ್ಲಿ ಕಲಿತ ಕ್ರಮ. ಮಕ್ಕಳಲ್ಲಿ ಒಬ್ಬ ನೂರಿಪ್ಪತ್ತು ಕಿಲೋ ಎಂದ, ಇನ್ನೊಬ್ಬ ನಾನೂರು ಎಂದ. ನಾವು ಮನಸ್ಸಿನಲ್ಲಿ ಹಿಡಿದುಕೊಂಡಿದ್ದುದು ನೂರೆಂಬತ್ತು.

ಸಕ್ಕರೆ ಕಾರಖಾನೆಯ ತೂಕದ ಕಟ್ಟೆ ಕಬ್ಬಿನ ಗಾಡಿಗಾಗಿ ಇರುವಂಥದು. ಟನ್ನುಗಳನ್ನು ತೂಗುವ ಅದನ್ನು ನೆಚ್ಚಿ ಒಂದು ತಟ್ಟುವಿನ ನಾಲ್ಕೈದು ಕಿಲೋ ಏರಿಳಿತವನ್ನು ಹಿಡಿಯಲಾಗದು. ಅದಕ್ಕಿಂತ ಮನೆಯ ಹೊಲಿಗೆ ಯಂತ್ರದ ಬಳಿ ಇರುವ ಟೇಪೇ ಲೇಸು. ಅದು 150 ಸೆಂಟಿಮೀಟರು ಉದ್ದವಿರುವುದರಿಂದ ತಟ್ಟುವಿಗೆ ಸಾಕಾಗುತ್ತದೆ. ದೊಡ್ಡ ಕುದುರೆಯಾದರೆ ಹಿಗ್ಗದ ದಾರದಿಂದ ಅಳೆದು, ಆ ದಾರವನ್ನು ಟೇಪಿನ ಮೇಲಿಟ್ಟು ನೋಡಬೇಕು.

ಕುದುರೆ ಸಮನೆಲದಲ್ಲಿ ನಾಲ್ಕೂ ಕಾಲು ನೆಟ್ಟಗೆ ಊರಿ ನಿಂತಿರಬೇಕು. ಟೇಪನ್ನು ಮುಂಗಾಲಿನ ಮೊಣಕೈಯ ಹಿಂದಿನಿಂದ, ಬೆನ್ನಿನ ಆರಂಭದ ಉಬ್ಬಿನ ಹಿಂದೆ, ಅಂದರೆ ಜೀನಿನ ಪಟ್ಟಿ ಬಿಗಿಯುವ ಸ್ಥಳದಲ್ಲಿ, ಎದೆಯ ಸುತ್ತ ತರಬೇಕು. ಬಿಗಿಯಲೂ ಬಾರದು, ಜೋಲಲೂ ಬಾರದು. ಪ್ರಾಣಿ ಉಸಿರು ಬಿಟ್ಟ ಕ್ಷಣದಲ್ಲಿ ಅಂಕಿಯನ್ನು ನೋಡಬೇಕು. ಬಳಿಕ ಹೆಗಲಿನ ಮುಂಭಾಗದ ಎಲುಬಿನ ತುದಿಯಿಂದ ಬಾಲದ ಪಕ್ಕದಲ್ಲಿ ಕೈಗೆ ತಗಲುವ ಪೃಷ್ಠದ ಎಲುಬಿನ ತುದಿಯವರೆಗೆ ಉದ್ದವನ್ನು ಅಳೆಯಬೇಕು. ಒದೆಯುವ ಕುದುರೆಯಾದರೆ ಈ ಎರಡನೆಯ ಕೆಲಸ ಮಕ್ಕಳಿಗೆ ಸಲ್ಲದು, ಯಜಮಾನನೇ ಮಾಡಬೇಕು.

ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೊಮ್ಮೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗಳಲ್ಲಿ ತೂಕ ದೊರೆಯುತ್ತದೆ. ನಮ್ಮ ಕುದುರೆಯ ಸುತ್ತಳತೆ 145, ಉದ್ದ 130. ಲೆಕ್ಕ ಮಾಡಿದಾಗ ಬಂದದ್ದು 230 ಕಿಲೋ. ಮುಖ್ಯೋಪಾಧ್ಯಾಯರ ಊಹೆ ಐವತ್ತು ಕಿಲೋ ಕಡಮೆಯಾದುದಕ್ಕೆ ತರಗತಿಯೆಲ್ಲ ನಕ್ಕಿತು. ನಗಲಿ. ಆದರೆ ಜಂತಿನ ಔಷಧಿಯನ್ನು ತೂಕದ ಮೇಲೆಯೇ ಕೊಡುವುದು. ನಮ್ಮಂತೆ ಕಡಮೆ ಅಂದಾಜು ಮಾಡಿ ಕಡಮೆ ಔಷಧಿ ಹಾಕಿದರೆ ಉಳಿದ ಹುಳುಗಳು ಔಷಧಿಗೆ ಜಗ್ಗದಂತಾಗುತ್ತವೆ. ಹೇರಿನ ವಿಚಾರವೂ ಹೀಗೆಯೇ. 1965ರ ಕೇಂದ್ರ ನಿಯಮಗಳು ತಟ್ಟುವಿನ ಮೇಲೆ 70 ಕಿಲೋಗಿಂತ ಹೆಚ್ಚು ಹೇರಬಾರದೆನ್ನುತ್ತವೆ. ಮೈತೂಕದ ಐದನೆಯ ಒಂದು ಪಾಲು ಹಿತವೆಂಬ ಕುದುರೆ ಬಲ್ಲವರ ಲೆಕ್ಕದಲ್ಲಿ ಈ ಕುದುರೆಗೆ ಬರುವುದು 46 ಕಿಲೋ ಮಾತ್ರ. ಮೇವು ದಿನಕ್ಕೆ ಮೈತೂಕದ ನೂರಕ್ಕೆ ಎರಡರಂತೆ, ಒಣ ಲೆಕ್ಕದಲ್ಲಿ ನಾಲ್ಕೂವರೆ ಕಿಲೋದಷ್ಟು ಬೇಕು.

ಈ ಸೂತ್ರ ಬೆಳೆದ ಕುದುರೆಗೆ ಮಾತ್ರ ಸಲ್ಲುವುದು. ಮರಿಗಾಗಲಿ ತುಂಬು ಗಬ್ಬದ ಕುದುರೆಗಾಗಲಿ ಹೊಂದದು. ಕರಾರುವಾಕ್ಕಾದುದೂ ಅಲ್ಲ. ಅದರ ನಿಜವಾದ ಪ್ರಯೋಜನ ಎರಡನೆಯ ಅಳತೆಯಲ್ಲಿದೆ.

ಎರಡು ತಿಂಗಳ ಬಳಿಕ ಮತ್ತೆ ಅಳೆದಾಗ ಸುತ್ತಳತೆ 139ಕ್ಕೆ ಇಳಿದಿತ್ತು, ಅಂದರೆ ತೂಕ 211. ಹತ್ತೊಂಬತ್ತು ಕಿಲೋ ಕರಗಿತ್ತು. ಹುಡುಗಿಯ ತಂದೆ ನಂಬಲಿಲ್ಲ. "ಗುರುಗಳ, ದಿನಾ ನೋಡ್ತೇನಿ, ನನ್ನ ಕಣ್ಣಿಗೆ ಇಳದಂಗ ಕಾಣವಲ್ದು" ಎಂದರು. ದಿನವೂ ನೋಡುವ ಕಣ್ಣಿಗೆ ಕಾಣದಿರುವುದು ಸಹಜವೇ, ಮೇಲಾಗಿ ಚಳಿಗಾಲದ ದಟ್ಟ ರೋಮ ಬೇರೆ. ಕೈಯಿಂದ ಪಕ್ಕೆ ಸವರಿ ನೋಡಿರೆಂದೆವು. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸುಲಭವಾಗಿ ತಗಲಬೇಕು. ಅಮೆರಿಕದ ಹೆನೆಕೆ 1983ರಲ್ಲಿ ಪ್ರಕಟಿಸಿದ ಒಂದರಿಂದ ಒಂಬತ್ತರವರೆಗಿನ ಮೈಕಟ್ಟಿನ ಅಂಕಗಳಲ್ಲಿ ಇದು ನಡುವಿನ ಐದು. ಸವರಿದ ಅವರು ಮಾತಾಡಲಿಲ್ಲ.

ಜಂತಿನ ಬಾಧೆಯೇ ಇರಬೇಕೆಂದು ನಾವು ಬಲ್ಲವರಂತೆ ನುಡಿದುಬಿಟ್ಟೆವು. ಪಶುವೈದ್ಯರು ಬಂದು ಬಾಯಿ ತೆರೆಸಿದಾಗ ಬೇರೆಯೇ ಕಂಡಿತು. ದವಡೆ ಹಲ್ಲುಗಳ ಅಂಚು ಸವೆಯದೆ ಚೂಪಾಗಿ ಬೆಳೆದು ಕೆನ್ನೆಯ ಒಳಭಾಗವನ್ನು ಕೊಯ್ದಿದ್ದವು. ಅಗಿಯಲಾರದೆ ಅದು ಕಣಿಕಿಯನ್ನು ಉಂಡೆ ಉಂಡೆಯಾಗಿ ಉಗುಳುತ್ತಿತ್ತು. ಆ ಉಂಡೆಗಳನ್ನು ಹುಡುಗಿ ಎಷ್ಟೋ ದಿನಗಳಿಂದ ಕಂಡಿದ್ದಳು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಇನ್ನೊಂದು ತಿಂಗಳು ಹಾಗೆಯೇ ಬಿಟ್ಟು ಹೇರು ಹೇರಿಸಿಕೊಂಡು ಹೊರಟಿದ್ದರೆ ಕುದುರೆ ದಾರಿಯಲ್ಲಿಯೇ ಕುಸಿಯುವ ಸಂಭವವಿತ್ತು. ಆಗ ಆ ಸಂಸಾರದ ಗತಿಯೇನು?

ವೈದ್ಯರು ಹಲ್ಲನ್ನು ಅರದಿಂದ ಉಜ್ಜಿ ನುಣುಪು ಮಾಡಿದರು. ಕೆಲವು ದಿನ ನೆನೆಸಿದ ಮೆತ್ತನೆಯ ಮೇವು ನಡೆಯಿತು. ಆಮೇಲೆ ಹದಿನೈದು ದಿನಕ್ಕೊಮ್ಮೆ, ಬೆಳಗಿನಲ್ಲಿ, ನೀರು ಮೇವಿಗೆ ಮೊದಲು, ಅದೇ ಟೇಪಿನಿಂದ ಅವಳೇ ಅಳೆದು ಪಾಟಿಯ ಮೇಲೆ ಬರೆದಳು. 141, ಆಮೇಲೆ 143. ಅಂದರೆ 218 ಕಿಲೋ, 224 ಕಿಲೋ.

ಹಿಂಡು ಹೊರಡುವ ದಿನ ಟೇಪನ್ನು ಹಿಂದಿರುಗಿಸಲು ಬಂದಳು. ಇಟ್ಟುಕೊ ಎಂದರೂ ಕೇಳಲಿಲ್ಲ. ಒಂದು ನೂಲಿನ ಹಗ್ಗದ ತುದಿಯಿಂದ 145 ಸೆಂಟಿಮೀಟರು ಅಳೆದು ಅಲ್ಲಿ ಗಂಟು ಹಾಕಿಕೊಂಡಿದ್ದಳು. ಎದೆಯ ಸುತ್ತ ತಂದಾಗ ಗಂಟು ತುದಿಗೆ ಸೇರಿದರೆ ಕುದುರೆ ಮೊದಲಿನಂತಾಯಿತು, ತುದಿಯನ್ನು ದಾಟಿದರೆ ಇನ್ನೂ ತೆಳುವಾಗಿದೆ ಎಂದು ಅವಳ ಲೆಕ್ಕ. ಮೊನ್ನೆ ಅವಳ ತಂದೆ ಫೋನು ಮಾಡಿದ್ದರು. ಗಂಟು ಇನ್ನೂ ಒಂದು ಬೆರಳು ದಾಟುತ್ತಿದೆಯಂತೆ.