ಬಾಸ್ಕ್ ಎಂದರೆ ಬಾಂಬಲ್ಲ

ಸ್ಪೇನಿನ ಬಾಸ್ಕ್ ನಾಡಿನ ಹೆಸರೆತ್ತಿದರೆ ಸಾಕು, ಎಂಟುನೂರಕ್ಕೂ ಹೆಚ್ಚು ಜನರನ್ನು ಕೊಂದ ‘ಎಟಾ’ ಸಂಘಟನೆಯೇ ಕಣ್ಣಮುಂದೆ ಬರುತ್ತದೆ. ಆ ಕೊಲೆಗಳಿಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಪ್ರತ್ಯೇಕ ಬಾಸ್ಕ್ ದೇಶ ಕೇಳಿದವರೆಲ್ಲ ಕೊಲೆಗಡುಕರು ಎಂಬುದು ಶುದ್ಧ ಸುಳ್ಳು. ‘ಎವುಸ್ಕೊ ಅಲ್ಕಾರ್ತಾಸುನ’, ಅಂದರೆ ‘ಬಾಸ್ಕ್ ಒಗ್ಗಟ್ಟು’ ಎಂಬ ಪಕ್ಷದ ಚರಿತ್ರೆಯೇ ಇದಕ್ಕೆ ಸಾಕ್ಷಿ.

1980ರಲ್ಲಿ ಬಾಸ್ಕ್ ಸ್ವಾಯತ್ತ ಸರಕಾರದ ಮುಖ್ಯಸ್ಥರಾದ ಕಾರ್ಲೋಸ್ ಗರೈಕೊಎಚೆಯ, ಪ್ರಾಂತಗಳಿಗೆ ಎಷ್ಟು ಅಧಿಕಾರ ಎಂಬ ಪ್ರಶ್ನೆಯಲ್ಲಿ ತಮ್ಮ ಬಾಸ್ಕ್ ರಾಷ್ಟ್ರವಾದಿ ಪಕ್ಷದೊಡನೆ ಮುನಿದು ಹೊರಬಂದರು. 1986ರಲ್ಲಿ ಹುಟ್ಟಿದ ಈ ಹೊಸ ಪಕ್ಷ ಸಮಾಜವಾದಿ ಪ್ರಜಾಪ್ರಭುತ್ವ, ಧರ್ಮನಿರಪೇಕ್ಷತೆ ಮತ್ತು ಸ್ವಾತಂತ್ರ್ಯವನ್ನು ಒಟ್ಟಿಗೆ ಹೇಳಿತು, ಹಿಂಸೆಯನ್ನು ನಿರಾಕರಿಸಿತು. ಅದೇ ವರ್ಷ 75ರಲ್ಲಿ 13 ಸ್ಥಾನ ಗೆದ್ದ ಪಕ್ಷ 2009ರಲ್ಲಿ ಒಂದೇ ಸ್ಥಾನಕ್ಕೆ ಕುಸಿಯಿತು.

ಸೋತ ಪಕ್ಷವೆಂದು ಷರಾ ಬರೆಯುವವರು ಮುಂದಿನ ಪುಟವನ್ನೂ ಓದಲಿ. ಎಟಾ ಪರವಾದ ಬತಾಸುನ ಪಕ್ಷವನ್ನು 2003ರಲ್ಲಿ ನ್ಯಾಯಾಲಯ ನಿಷೇಧಿಸಿತ್ತು. ಆ ವಲಯದವರು ಬಂದೂಕಿನ ದಾರಿ ಬಿಟ್ಟು ಬಂದಾಗ ಜೊತೆ ನಿಂತದ್ದು ಈ ಪುಟ್ಟ ಪಕ್ಷ. 2011ರಲ್ಲಿ ಇವರು ಕೂಡಿ ಕಟ್ಟಿದ ‘ಬಿಲ್ದು’ ಕೂಟದ ಉಮೇದುವಾರರ ಪಟ್ಟಿಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಕೆಲವೇ ದಿನಗಳಲ್ಲಿ ಸಂವಿಧಾನ ನ್ಯಾಯಾಲಯ ಅವರಿಗೆ ಚುನಾವಣೆಯ ಬಾಗಿಲು ತೆರೆಯಿತು. ಅದೇ ಅಕ್ಟೋಬರಿನಲ್ಲಿ ಎಟಾ ಸಶಸ್ತ್ರ ಹೋರಾಟ ಕೈಬಿಟ್ಟಿತು, 2018ರಲ್ಲಿ ವಿಸರ್ಜನೆಯಾಯಿತು. ಪೊಲೀಸರ ಒತ್ತಡವೂ ಇತ್ತು, ನಿಜ. ತಮ್ಮವರನ್ನು ಕಳೆದುಕೊಂಡ ಮನೆಗಳಿಗೆ ಈ ಮೈತ್ರಿ ಕಹಿಯಾಗಿದ್ದದ್ದೂ ಸಹಜ.

ಆದರೂ ಕೇಳಲೇಬೇಕು: ಮತ ಕೇಳಲು ಬಂದವರನ್ನೂ ಬಾಂಬಿನವರೆಂದು ಹೊರಗಟ್ಟಿದ್ದರೆ ಲಾಭ ಯಾರಿಗಾಗುತ್ತಿತ್ತು? ಬಾಂಬಿನವರಿಗೇ ಅಲ್ಲವೆ?