ಮುಯ್ಯಿ

ಮದುವೆಯ ಕಾಣಿಕೆಗೆ ನಮ್ಮ ಕೊಪ್ಪಳ ಸೀಮೆಯಲ್ಲಿ ಆಯಾರ ಅಂತೀವಿ. ಹಳೆಯ ಮಾತು ಮುಯ್ಯಿ. ನಿಘಂಟು ತೆರೆದರೆ ಅದಕ್ಕೆ ಎರಡರ್ಥ: ಮದುವೆಯಲ್ಲಿ ಕೊಡುವ ಉಡುಗೊರೆ, ಮತ್ತೆ ಸೇಡು! ಎರಡನ್ನೂ ‘ತೀರಿಸಲೇಬೇಕು’ ನೋಡಿ. ಉಡುಗೊರೆಯಲ್ಲೂ ‘ಉಡು’ ಇದೆ, ಸೀರೆ-ಕುಬಸದ ನೆನಪು.

ನಮ್ಮ ಅತ್ತೆಯವರು ಯಾರು ಇಳಕಲ್ ಸೀರೆ ತಂದರು, ಯಾರು ಗುಳೇದಗುಡ್ಡದ ಖಣ ತಂದರು ಎಂದು ಮುಯ್ಯಿ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ನನಗದು ಜಿಪುಣತನ ಅನಿಸಿತ್ತು. ಹೋದ ವರ್ಷ ಕುಷ್ಟಗಿ ಕಡೆಯ ಬಡ ನೆಂಟರ ಮದುವೆಗೆ, ಅವರು ಕೊಟ್ಟಿದ್ದ ಖಣಕ್ಕೆ ಬದಲಾಗಿ ರೇಷ್ಮೆ ಸೀರೆಯನ್ನೇ ಒಯ್ದೆ. ಹುಡುಗಿಯ ತಾಯಿ ಮುಖ ಸಣ್ಣದು ಮಾಡಿಕೊಂಡು, ‘ಇದನ್ನ ನಾ ಹೆಂಗ ತೀರಸಲೆವ್ವಾ?’ ಅಂದರು.

ಬರುವ ವೈಶಾಖದಲ್ಲಿ ಅವರ ಎರಡನೇ ಮಗಳ ಮದುವೆ. ಅತ್ತೆಯವರ ಪಟ್ಟಿ ಹುಡುಕಿ ತೆಗೆದಿದ್ದೇನೆ. ಖಣವನ್ನೇ ಒಯ್ಯುತ್ತೇನೆ.